ಒಂಬತ್ತನೆಯ ಪ್ರಬಂಧದ ಇಪ್ಪತ್ತನಾಲ್ಕನೆಯ ವ್ಯಕ್ತಿ

ಹೇಳಿಕೆ ಕೊಟ್ಟವರ ಹೆಸರು ಮತ್ತು ವಿಳಾಸ: ನಮೂನೆಯ ಮೊದಲ ಪುಟದಲ್ಲಿ ಬರೆದಿರುವಂತೆ. ವಯಸ್ಸು: 49. ಉದ್ಯೋಗ: ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್; ಶನಿವಾರ, ಭಾನುವಾರ ಆರೋಗ್ಯ ವಿಜ್ಞಾನದ ಡಿಪ್ಲೊಮಾ ತರಗತಿಯ ವಿದ್ಯಾರ್ಥಿ.

ನನ್ನ ಸಹಪಾಠಿಯೊಬ್ಬರು ಇದೇ ತಿಂಗಳ 14ರ ಶನಿವಾರ ಕಾಲೇಜಿನ ಬೀರುವಿನ ಬೀಗ ಒಡೆದು ಗೋಪ್ಯ ಲಕೋಟೆ ತೆರೆದರೆಂದು ಕಚೇರಿಯ ಗುಮಾಸ್ತರು ಕೊಟ್ಟಿರುವ ದೂರಿನ ಬಗ್ಗೆ ತಾವು ವಿಚಾರಿಸಿದ್ದಕ್ಕೆ, ನಾನು ಸ್ವಂತ ಮನಸ್ಸಿನಿಂದ ಹೇಳಿ ಬರೆಸುವುದೇನೆಂದರೆ:

ಸದರಿ ಸಹಪಾಠಿ 56 ವರ್ಷದ ನರ್ಸ್. ಮುಡಿಯಲ್ಲಿ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವುದರಿಂದ ನಾವೆಲ್ಲ ಅವರನ್ನು ಪೆನ್ಸಿಲ್ ಅಕ್ಕ ಎನ್ನುತ್ತೇವೆ. ಅವರಿಗೂ ನನಗೂ ಬಂಧುತ್ವವಾಗಲಿ ಹಗೆಯಾಗಲಿ ಇಲ್ಲ. ಎರಡು ವರ್ಷದಲ್ಲಿ ಒಟ್ಟು ಹತ್ತು ಮಾತು ಆಡಿದ್ದೆವೋ ಇಲ್ಲವೋ. ಈ ದೂರು ಸಾಬೀತಾದರೆ ಅವರ ಡಿಪ್ಲೊಮಾ ಹೋಗುತ್ತದೆ, ನರ್ಸ್ ಕೆಲಸಕ್ಕೂ ಕುತ್ತು ಬರುತ್ತದೆ ಎಂದು ತಿಳಿದು ನಾನಾಗಿಯೇ ಠಾಣೆಗೆ ಬಂದಿದ್ದೇನೆ.

ನಮ್ಮ ಕೋರ್ಸಿನಲ್ಲಿ ಪ್ರತಿಯೊಬ್ಬರ ಸಂಶೋಧನಾ ಪ್ರಬಂಧವನ್ನು ಅಧ್ಯಾಪಕಿ ನೋಡುವ ಮೊದಲು ಒಬ್ಬ ಸಹಪಾಠಿ ಓದಿ ತಪ್ಪು ಗುರುತಿಸಬೇಕು. ಪ್ರಬಂಧದ ಮೇಲೆ ಬರೆದವರ ಹೆಸರು ಇರುವುದಿಲ್ಲ, ಸಂಖ್ಯೆ ಮಾತ್ರ. ಒಳಗೆ ಪರೀಕ್ಷೆಗೆ ಒಳಪಟ್ಟವರಿಗೂ ಸಂಖ್ಯೆಯೇ. ಹೆಸರುಗಳೆಲ್ಲ ಮೊಹರು ಮಾಡಿದ ಲಕೋಟೆಯಲ್ಲಿ ಬೀರು ಸೇರುತ್ತವೆ. ಪರಿಶೀಲನೆ ಮುಗಿಯುವ ಮೊದಲು ಇದು ನನ್ನದು ಎಂದು ಯಾರಾದರೂ ತೋರಿಸಿಕೊಂಡರೆ ಆ ಪ್ರಬಂಧ ರದ್ದು. ಮುಂದಿನ ವರ್ಷ ಮತ್ತೆ ಮೊದಲಿಂದ.

ಒಂಬತ್ತನೆಯ ಪ್ರಬಂಧ ನನ್ನದು. ದಿನವಿಡೀ ನಿಂತು ಕೆಲಸ ಮಾಡುವ 24 ಜನರ ರಕ್ತದೊತ್ತಡ ಅದರ ವಿಷಯ. 23 ಜನ ಸಿಕ್ಕಿದರು. ಕೊನೆಯವನಾಗಿ ಒಪ್ಪಿಕೊಂಡಿದ್ದ ಕ್ಷೌರಿಕ ಊರು ಬಿಟ್ಟು ಹೋದ. ಮತ್ತೊಬ್ಬರನ್ನು ಹುಡುಕಲು ಬೇಸರವಾಗಿ ನನ್ನನ್ನೇ ಸೇರಿಸಿಕೊಂಡೆ. ಮೂರು ದಿನ ಬೆಳಿಗ್ಗೆ 8.40ಕ್ಕೆ, ಅಂಗಡಿಯ ಬಾಗಿಲು ತೆರೆಯುವ ಮೊದಲು, ನಾನೇ ಅಳೆದುಕೊಂಡೆ. 208/122, 214/126, 212/124 ಬಂತು. ಕೋಷ್ಟಕ ಕೆಟ್ಟಿತಲ್ಲಾ ಎಂದು ಕಿರಿಕಿರಿಯಾಯಿತು. ಬೇರೇನೂ ಆಗಲಿಲ್ಲ. ಇಪ್ಪತ್ತನಾಲ್ಕನೆಯ ವ್ಯಕ್ತಿಯ ಅಳತೆಯನ್ನು ಉಪಕರಣದ ದೋಷವೆಂದು ಭಾವಿಸಿ ಸರಾಸರಿಯಿಂದ ಕೈಬಿಡಲಾಗಿದೆ ಎಂದು ಅಡಿಟಿಪ್ಪಣಿ ಬರೆದು ಮುಗಿಸಿದೆ. ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರಿಗೆ ಇದೇ ಕಾಯಿಲೆಯ ಮಾತ್ರೆ ಕೊಟ್ಟು, ಒಂದು ದಿನವೂ ತಪ್ಪಿಸಬೇಡಿ ಎಂದು ಹೇಳುವವನು ನಾನು.

14ರಂದು ಮಧ್ಯಾಹ್ನ 2.00ಕ್ಕೆ ಪರಿಶೀಲನೆ ಶುರುವಾಯಿತು. ಅಧ್ಯಾಪಕಿ ರಜೆಯಲ್ಲಿದ್ದರು, ಗುಮಾಸ್ತರು ಮೇಲ್ವಿಚಾರಣೆಗೆ ಕುಳಿತಿದ್ದರು. ನಾನು ಎರಡನೆಯ ಬೆಂಚಿನಲ್ಲಿ, ಪೆನ್ಸಿಲ್ ಅಕ್ಕ ಐದನೆಯದರಲ್ಲಿ. ನಡುವೆ ಸುಮಾರು 12 ಅಡಿ. ನನ್ನ ಪಾಲಿಗೆ ಶಾಲಾ ಮಕ್ಕಳ ಹಲ್ಲಿನ ಬಗೆಗಿನ ಪ್ರಬಂಧ ಬಂದಿತ್ತು. ಬೆಳಿಗ್ಗೆಯಿಂದ ತಲೆ ಭಾರವಾಗಿತ್ತು. ಕನ್ನಡಕ ಬದಲಿಸಬೇಕು ಅಂದುಕೊಂಡಿದ್ದೆ.

2.50ಕ್ಕೆ ಅಕ್ಕ ಎದ್ದು ನಿಂತು, ಒಂಬತ್ತನೇದು ಯಾರದ್ರಪ್ಪಾ ಎಂದು ಕೇಳಿದರು. ಗುಮಾಸ್ತರು, ಹಾಗೆಲ್ಲ ಕೇಳೋ ಹಾಗಿಲ್ಲ, ಕೂತ್ಕೊಳ್ಳಿ ಎಂದರು. ಅಕ್ಕ, ಕೂತ್ಕೊಳ್ಳೋದು ಹಾಗಿರ್ಲಿ, ಇಲ್ಲೊಬ್ಬನ ತಲೆ ಕುಕ್ಕರ್ ಆಗಿದೆ, ಯಾವಾಗ ಸಿಡಿಯುತ್ತೋ ಗೊತ್ತಿಲ್ಲ, ಬರೆದ ಪುಣ್ಯಾತ್ಮರು ಅವನನ್ನ ಅಡಿಟಿಪ್ಪಣಿಗೆ ತಳ್ಳಿ ಕೈ ತೊಳ್ಕೊಂಡಿದ್ದಾರೆ ಎಂದರು. ಯಾರೋ ನಕ್ಕರು. ಮಾರ್ಕ್ಸ್ ಹಾಳಾಗೋಗ್ಲಿ, ಆ ಮನುಷ್ಯ ಎಲ್ಲಿದ್ದಾನೆ ಅಷ್ಟು ಹೇಳಿ ಸಾಕು ಎಂದು ಅಕ್ಕ ಬೆಂಚು ಬೆಂಚಿಗೂ ಬಂದು ಕೇಳಿದರು. ನನ್ನ ಬಳಿಯೂ ನಿಂತು, ನಿಂದೇನೋ ತಮ್ಮಾ ಎಂದು ಕೇಳಿದರು. ನಾನು ಅಲ್ಲವೆಂದು ತಲೆ ಆಡಿಸಿದೆ.

ಇದು ಗುಮಾಸ್ತರ ದೂರಿನಲ್ಲಿ ಇಲ್ಲ. ಅಕ್ಕನೂ ತಮ್ಮ ಹೇಳಿಕೆಯಲ್ಲಿ ಇದನ್ನು ಹೇಳಿಲ್ಲವೆಂದು ತಾವೇ ತಿಳಿಸಿದಿರಿ. ಆದ್ದರಿಂದ ನಾನು ಹೇಳುತ್ತಿದ್ದೇನೆ. ಆ ಗಳಿಗೆಯಲ್ಲಿ ನನಗೆ ಕಂಡದ್ದು ಹಾಳಾಗುವ ಒಂದು ವರ್ಷ ಮಾತ್ರ. ಇಪ್ಪತ್ತನಾಲ್ಕನೆಯ ವ್ಯಕ್ತಿ ಎಲ್ಲೋ ಬೇರೆ ಕಡೆ ಇದ್ದಾನೆ, ಅವನ ಮನೆಯವರು ನೋಡಿಕೊಳ್ಳುತ್ತಾರೆ ಎಂಬಂತೆ ಕುಳಿತಿದ್ದೆ. ಅದು ಹೇಗೆ ಸಾಧ್ಯವೆಂದು ತಾವು ಕೇಳಿದಿರಿ. ಹಲ್ಲಿನ ಪ್ರಬಂಧದ ಪುಟ ತಿರುವಿದ್ದು ಮಾತ್ರ ನೆನಪಿದೆ.

3.05ರಿಂದ 3.20ರವರೆಗೆ ಅಕ್ಕ ಅಧ್ಯಾಪಕಿಗೆ ನಾಲ್ಕು ಸಲ ಫೋನ್ ಮಾಡಿದರು, ಸಿಗಲಿಲ್ಲ. ಬೀರುವಿನ ಕೀ ಕೇಳಿದರು. ಗುಮಾಸ್ತರು, ಕೀ ಮೇಡಂ ಹತ್ರ ಇದೆ, ಸೋಮವಾರ ನೋಡೋಣ ಎಂದರು. ಸೋಮವಾರದವರೆಗೆ ಅವನು ಇರ್ತಾನೆ ಅಂತ ಬರ್ಕೊಡ್ತೀರಾ ಎಂದು ಅಕ್ಕ ಕೇಳಿದರು. 3.25ಕ್ಕೆ ಅಕ್ಕ ಪಕ್ಕದ ಪ್ರಾಯೋಗಿಕ ಕೊಠಡಿಯಿಂದ ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್ ತಂದು ಬೀಗಕ್ಕೆ ಮೂರು ಏಟು ಹಾಕಿದರು. ಮೂರನೆಯದಕ್ಕೆ ಅದು ಬಿಟ್ಟುಕೊಂಡಿತು. ಅಯ್ಯೋ, ಆ ಬೀಗ ನನ್ನ ಸರ್ವಿಸಿಗಿಂತ ಹಳೇದು ಕಣ್ರೀ ಎಂದು ಗುಮಾಸ್ತರು ಕೂಗಿದರು. ನಾನು ಕುಳಿತಲ್ಲಿಂದ ಏಳಲಿಲ್ಲ.

ಅಕ್ಕ ಒಂಬತ್ತನೆಯ ಲಕೋಟೆಯೊಂದನ್ನೇ ತೆರೆದರು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಇದನ್ನು ಕಣ್ಣಾರೆ ಕಂಡಿದ್ದೇನೆ. ಹಾಳೆಯ ಮೇಲ್ತುದಿಯಲ್ಲಿ ಬರೆದವರ ಜಾಗದಲ್ಲಿ ಒಮ್ಮೆ, ಕೊನೆಯಲ್ಲಿ 24ನೆಯವರ ಜಾಗದಲ್ಲಿ ಒಮ್ಮೆ ಒಂದೇ ಹೆಸರು ಓದಿ, ತಲೆ ಎತ್ತಿ ನನ್ನನ್ನು ನೋಡಿದರು. ಬೈಗುಳ ಬರುತ್ತದೆ ಅಂದುಕೊಂಡೆ. ಅವರು ತಮ್ಮ ಚೀಲದಿಂದ ಬಿಪಿ ಉಪಕರಣ ತೆಗೆದು, ನನ್ನ ಅಂಗಿಯ ತೋಳು ಸರಿಸಿ ಪಟ್ಟಿ ಕಟ್ಟಿದರು. 226/132. ಊರಿಗೆಲ್ಲ ಮಾತ್ರೆ ಹಂಚ್ತೀಯಲ್ಲೋ, ನಿನಗೊಂದು ಎತ್ತಿಟ್ಕೊಳ್ಳೋಕೆ ಆಗ್ಲಿಲ್ವಾ ಎಂದರು. ದನಿ ಮೆಲ್ಲಗಿತ್ತು. ನಾನು ಏಳಲು ಹೋದಾಗ ಎಡಗೈಯಲ್ಲಿದ್ದ ಕನ್ನಡಕ ಬಿತ್ತು. ಬಿದ್ದದ್ದು ಕಿವಿಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ.

ಗುಮಾಸ್ತರೇ ಓಡಿಹೋಗಿ ಬಾಡಿಗೆ ಕಾರು ನಿಲ್ಲಿಸಿದರು. ಅದನ್ನೂ ಬರೆದುಕೊಳ್ಳಬೇಕು. ಆಸ್ಪತ್ರೆ 1.8 ಕಿಲೋಮೀಟರ್, 3.52ಕ್ಕೆ ತಲುಪಿದೆವು. ದಾರಿಯುದ್ದಕ್ಕೂ ಅಕ್ಕ ನನ್ನ ಎಡಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಬೆರಳು ಒತ್ತಿ, ಇದು ಗೊತ್ತಾಗ್ತಿದ್ಯಾ, ಇದು ಎಂದು ಕೇಳುತ್ತಿದ್ದರು. ಎರಡು ಬೆರಳಿಗೆ ನಾನು ಸುಳ್ಳು ಹೇಳಿದೆ. ಅವರಿಗೆ ಗೊತ್ತಾಯಿತು. ಸಂಜೆಯವರೆಗೆ ತಡವಾಗಿದ್ದರೆ ಏನೂ ಹೇಳುವಂತಿರಲಿಲ್ಲ ಎಂದು ಡಾಕ್ಟರು ನನ್ನ ಹೆಂಡತಿಗೆ ತಿಳಿಸಿದರಂತೆ.

17ರಂದು ಅಕ್ಕ ವಾರ್ಡಿಗೆ ಬಂದು ನನ್ನ ಪ್ರಬಂಧದ ಜೆರಾಕ್ಸ್ ಕೊಟ್ಟರು. ಮೂಲ ಪ್ರತಿ ಈಗ ಠಾಣೆಯ ವಶದಲ್ಲಿದೆ. ಅಡಿಟಿಪ್ಪಣಿಯ ಪಕ್ಕದಲ್ಲಿ ಅವರು ಪೆನ್ಸಿಲಿನಲ್ಲಿ ಬರೆದದ್ದು ಹೀಗಿದೆ: ಇದೇ ಉಪಕರಣ, ಇದೇ ಬೆಳಿಗ್ಗೆ, 23ನೆಯವರಿಗೆ 126/82 ಬಂದಿದೆ. ಯಂತ್ರಕ್ಕೆ ಒಬ್ಬರ ಮೇಲೆ ಮಾತ್ರ ಹಗೆ ಇರುವುದಿಲ್ಲ. ಇವರು ಈಗ ಎಲ್ಲಿದ್ದಾರೆ? ತಲೆ ಆಡಿಸಿದ ಬಗ್ಗೆ ನಾನು ಕ್ಷಮೆ ಕೇಳಲು ಹೊರಟಾಗ ಅಕ್ಕ, ಅದಿರ್ಲಿ, ಎರಡನೇ ಕೋಷ್ಟಕದಲ್ಲಿ ಕೂಡಿದ್ದೂ ತಪ್ಪಾಗಿದೆ ನೋಡು ಎಂದರು. ನೋಡಿದೆ. ತಪ್ಪಾಗಿತ್ತು.

21ರಂದು ನನ್ನನ್ನು ಮನೆಗೆ ಕಳುಹಿಸಿದರು. ಎಡಗೈ ಈಗ ಲೋಟ ಹಿಡಿಯುತ್ತದೆ. ಇಂದು ಬೆಳಿಗ್ಗೆ ಅಂಗಿಯ ಗುಂಡಿಗಳನ್ನು ನಾನೇ ಹಾಕಿಕೊಂಡೆ. ನಾಲ್ಕು ನಿಮಿಷ ಹಿಡಿಯಿತು. ಹೆಂಡತಿ ಸಹಾಯಕ್ಕೆ ಬರದೆ ಬಾಗಿಲಲ್ಲಿ ನಿಂತು ನೋಡಿದಳು.

ಬೀಗ ಒಡೆದದ್ದು ಅಕ್ಕನ ಕೈ. ಒಡೆಯುವಂತೆ ಮಾಡಿದ್ದು ನಾನು ತಲೆ ಆಡಿಸಿದ್ದು. ತಪ್ಪು ಬರೆಯುವುದಿದ್ದರೆ ನನ್ನ ಹೆಸರಿಗೆ ಬರೆಯಬೇಕು. ಇದನ್ನು ಒಪ್ಪಿಕೊಂಡ ಮೇಲೆ ಪ್ರಬಂಧ ರದ್ದಾಗುತ್ತದೆಂದು ಬಲ್ಲೆ. ಮುಂದಿನ ವರ್ಷ ಮತ್ತೆ ಬರೆಯುತ್ತೇನೆ. ಬರೆಯಲು ನಾನು ಇದ್ದೇನೆ.

ನಾನು ಹೇಳಿದ್ದನ್ನು ಬರೆದುಕೊಂಡು ನನಗೆ ಓದಿ ಹೇಳಿದ್ದಾರೆ; ಸರಿಯಾಗಿದೆ. ಓದುವಾಗ ಎರಡು ಕಡೆ ಇಪ್ಪತ್ತನಾಲ್ಕನೆಯ ವ್ಯಕ್ತಿ ಎಂದು ಕೇಳಿಸಿತು. ಆ ಎರಡೂ ಕಡೆ ನಾನು ಎಂದು ಓದಿಕೊಳ್ಳಬೇಕಾಗಿ ಕೋರಿ, ಅಂಚಿನಲ್ಲಿ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನಾಂಕ: 23, ಸೋಮವಾರ, ಬೆಳಿಗ್ಗೆ 11.15
ಸಹಿ: (ಹಾಳೆಯನ್ನು ಎಡಗೈಯಿಂದ ಹಿಡಿದು, ಬಲಗೈಯಲ್ಲಿ ಮಾಡಿದ್ದು)