‘ಒಪ್ಪಿಗೆಯಾಗಿದೆ’ ಎಂಬ ಮಾತಿನ ಬೆಲೆ

ಅಧ್ಯಕ್ಷತೆ ವಹಿಸಿರುವ ಮಾನ್ಯ ರೆಕ್ಟರ್ ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಮೂವತ್ತನಾಲ್ಕು ವರ್ಷ ನನ್ನ ಕಾಫಿಯನ್ನು ಬೈಯುತ್ತಲೇ ಕುಡಿದ ಸಹೋದ್ಯೋಗಿಗಳೇ, ಕೇಕಿನ ಆಸೆಗೆ ಬಂದು ನನ್ನ ಭಾಷಣಕ್ಕೆ ಸಿಕ್ಕಿಬಿದ್ದಿರುವ ವಿದ್ಯಾರ್ಥಿ ಮಿತ್ರರೇ, ಮತ್ತು ಎಲ್ಲ ಸಭಿಕರೇ,

ನನ್ನ ಬೀಳ್ಕೊಡುಗೆಗೆ ನಾನೇ ಐದು ನಿಮಿಷ ಮಾತಾಡಿ ಎಂದಿದ್ದಾರೆ. ಒಂದು ಸಾಲಿನ ಪ್ರಶ್ನೆಗೆ ಆರು ಪುಟ ಉತ್ತರ ಬರೆಯುತ್ತಿದ್ದ ಈ ಗುನ್‌ವೋರ್ ಸ್ಟ್ರಾಂಡ್ ಐದು ನಿಮಿಷದಲ್ಲಿ ಮುಗಿಸುತ್ತಾಳೆಂದು ನಂಬಿದವರ ಮುಗ್ಧತೆಗೆ ನನ್ನ ನಮನ.

ನಾನು ಮಾಡಿದ ಕೆಲಸವಾದರೂ ಏನು? ನಮ್ಮ ಈ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಓದಲು ಹೊರದೇಶಕ್ಕೆ ಹೊರಡುತ್ತಾರೆ. ಅಲ್ಲಿಯವರು ಸ್ವೀಡನ್ನಿನ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಏನು?’ ಎಂದು ಕೇಳುತ್ತಾರೆ. ಅದು ಏನೆಂದು ಹೇಳುವುದೇ ನನ್ನ ಕೆಲಸವಾಗಿತ್ತು. ಅಷ್ಟೇ. ಆದರೆ ಒಬ್ಬ ಮನುಷ್ಯನ ನಾಲ್ಕು ವರ್ಷದ ದುಡಿಮೆ ಏನೆಂದು ಕಂಡರಿಯದವರಿಗೆ ತಿಳಿಸಿ ಹೇಳುವುದು ಸಣ್ಣ ಕೆಲಸವೇ? ಒಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ.

ತೊಂಬತ್ತನಾಲ್ಕರ ವಸಂತದಲ್ಲಿ ಎಲೋಫ್ ಹೆಡ್‌ಮಾನ್ ಎಂಬ ವಿದ್ಯಾರ್ಥಿ ನನ್ನ ಕಿಟಕಿಯ ಮುಂದೆ ಬಂದು ನಿಂತರು. ವಿದ್ಯಾರ್ಥಿ ಎಂದೆ, ವಯಸ್ಸು ಮೂವತ್ತಾರು, ನನ್ನಷ್ಟೇ. ಹದಿಮೂರು ವರ್ಷ ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದು, ಎಡಗೈಯ ಕಿರುಬೆರಳನ್ನು ಗರಗಸಕ್ಕೆ ಕೊಟ್ಟು, ಸಂಜೆ ಶಾಲೆಯಲ್ಲಿ ಓದಿ, ಆಮೇಲೆ ನಮ್ಮಲ್ಲಿಗೆ ಬಂದವರು. ಓದಿದ್ದು ನದಿಯ ಮಂಜುಗಡ್ಡೆಯ ಬಗ್ಗೆ. ಅದು ಹೇಗೆ ಕಟ್ಟುತ್ತದೆ, ಯಾವಾಗ ಒಡೆಯುತ್ತದೆ ಎಂಬುದರ ಬಗ್ಗೆ. ಕೆನಡಾದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದರು. ಅದರ ಉತ್ತರ, ಅರ್ಜಿಯ ಪ್ರತಿಯ ಸಮೇತ, ಅವರ ಕೈಯಲ್ಲಿತ್ತು.

“ಓದಮ್ಮ ಇದನ್ನ,” ಎಂದರು. “ನಾನು ದಡ್ಡ ಅಂತ ಎಷ್ಟು ಮರ್ಯಾದೆಯಾಗಿ ಬರೆದಿದಾರೆ ನೋಡು.”

ಅದರಲ್ಲಿ ಎರಡು ಕಾರಣಗಳಿದ್ದವು. ಒಂದು, ನಿಮ್ಮದು ಮೂರು ವರ್ಷದ ಪದವಿ, ನಮಗೆ ನಾಲ್ಕು ಬೇಕು. ಎರಡು, ನೀವು ಎಲ್ಲದರಲ್ಲೂ ಬರೀ ‘ಪಾಸು’.

ಸಭಿಕರೇ, ಆಗ ಅವರ ವಿಭಾಗದಲ್ಲಿ ಇದ್ದದ್ದೇ ಎರಡು ದರ್ಜೆ. ಅನುತ್ತೀರ್ಣ, ಇಲ್ಲವೇ ‘ಗೂಡ್‌ಶೆಂಡ್’. ಅಂದರೆ ‘ಒಪ್ಪಿಗೆಯಾಗಿದೆ’. ಅದರ ಮೇಲೆ ಮೆಟ್ಟಿಲೇ ಇರಲಿಲ್ಲ! ಅಲ್ಲಿಯವರು ಅದನ್ನು ಏಣಿಯ ಕೆಳಗಿನ ಮೆಟ್ಟಿಲು ಎಂದುಕೊಂಡರು. ಒಬ್ಬರು ನಿಮ್ಮನ್ನು ನೋಡಿ ‘ಒಪ್ಪಿಗೆಯಾಗಿದೆ’ ಎಂದರೆ ಅದಕ್ಕಿಂತ ಮೇಲೆ ಇನ್ನೇನು ಬೇಕು? ನೀವೇ ಹೇಳಿ.

“ಕೂತ್ಕೋ,” ಎಂದೆ. “ಉಳಿದ ಕಾಗದ ಎಲ್ಲಿ?”

“ಯಾವ ಕಾಗದ?”

“ಗಣಿತ ಬೇರೆ ಊರಲ್ಲಿ ಓದಿದೀನಿ ಅಂತ ಅರ್ಜೀಲಿ ಬರ್ದಿದೀಯಲ್ಲ, ಅದು.”

“ಓ, ಅದಾ? ಅದು ಅಡುಗೆಮನೆ ಡ್ರಾಯರ್‌ನಲ್ಲಿ ಬಿದ್ದಿದೆ. ಬೇಕಾಗುತ್ತಾ?”

ಬೇಕಾಗುತ್ತಾ! ಆ ಕಾಲದಲ್ಲಿ ನಮ್ಮಲ್ಲಿ ಒಂದು ಅಂಕವೆಂದರೆ ಒಂದು ವಾರದ ಪೂರ್ಣ ದುಡಿಮೆ. ವರ್ಷಕ್ಕೆ ನಲವತ್ತು. ಪದವಿ ಪತ್ರದಲ್ಲಿ ನೂರಿಪ್ಪತ್ತು ಇತ್ತು. ಡ್ರಾಯರಿನಲ್ಲಿ ಚಮಚಗಳ ಕೆಳಗೆ ಇನ್ನೂ ನಲವತ್ತು ಬಿದ್ದಿತ್ತು. ಒಂದು ಇಡೀ ವರ್ಷ! ಎರಡನ್ನೂ ಸೇರಿಸಿ ಮೇಲಿನ ಪದವಿ ಪತ್ರ ಮಾಡಿಸಿದೆವು. ನಾಲ್ಕು ವರ್ಷ ಆಯಿತು.

ಆಮೇಲೆ ಅವರ ಪ್ರೊಫೆಸರರ ಬಳಿ ಹೋದೆ. ಈ ವಿದ್ಯಾರ್ಥಿ ಹೇಗೆಂದು ಬರೆದುಕೊಡಿ ಎಂದೆ. ಅವರು ಬರೆದದ್ದು: ‘ಹೆಡ್‌ಮಾನ್ ಪ್ರಯೋಗಾಲಯದಲ್ಲಿ ಯಾರಿಗೂ ತೊಂದರೆ ಕೊಟ್ಟಿಲ್ಲ.’

“ಇಷ್ಟೇನಾ?” ಎಂದೆ.

“ಇನ್ನೇನು ಬರೀಲಿ? ನನ್ನ ಹತ್ತೊಂಬತ್ತು ವರ್ಷದಲ್ಲಿ ಇಂಥ ತಲೆ ನೋಡಿಲ್ಲ.”

“ಅದನ್ನೇ ಬರಿ!”

“ಹಾಗೆಲ್ಲ ಬರೆದ್ರೆ ಜನ ನಗ್ತಾರಮ್ಮ.”

ನಗಲಿ ಎಂದು ನಾನೇ ಟೈಪು ಮಾಡಿ ಸಹಿ ಹಾಕಿಸಿದೆ. ಒಂದೊಂದು ಪಠ್ಯಕ್ರಮವನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಐದು ವಾರ. ಎಲೋಫ್ ದಿನವೂ ಮೂರು ಗಂಟೆಗೆ ಏಲಕ್ಕಿ ಬನ್ನು ತರುತ್ತಿದ್ದರು. ನಮ್ಮ ದಾಖಲೆ ಕೋಣೆಯ ಬೆರ್ತಿಲ್, ಅಗೋ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ, “ಗುನ್‌ವೋರ್, ಉಳಿದ ವಿದ್ಯಾರ್ಥಿಗಳೂ ಬನ್ನು ತಂದ್ರೇನೇ ಕೆಲಸ ಮಾಡ್ತೀಯೇನು?” ಎಂದು ಕೆಣಕುತ್ತಿದ್ದರು. ನಾನು ಕಡತದಿಂದ ತಲೆ ಎತ್ತುತ್ತಿರಲಿಲ್ಲ. ಎತ್ತಿದ್ದರೆ ಮುಖ ಕಾಣುತ್ತಿತ್ತಲ್ಲ.

ಕಡತ ಕಳಿಸಿದೆವು. ಮಧ್ಯಬೇಸಿಗೆಯ ಹಬ್ಬದ ಹಿಂದಿನ ಗುರುವಾರ ಮಧ್ಯಾಹ್ನ, ಕಚೇರಿ ಬಾಗಿಲು ಹಾಕುವ ಹೊತ್ತಿಗೆ ಫ್ಯಾಕ್ಸ್ ಬಂತು. ಒಂದೇ ಪ್ರಶ್ನೆ: ಈ ಪದವಿಯ ಆಧಾರದ ಮೇಲೆ ನೀವೇ ಇವರನ್ನು ನಿಮ್ಮಲ್ಲಿ ಡಾಕ್ಟರೇಟಿಗೆ ಸೇರಿಸಿಕೊಳ್ಳುತ್ತೀರಾ? ಹೌದೋ, ಇಲ್ಲವೋ. ಸೋಮವಾರದೊಳಗೆ ತಿಳಿಸಿ.

ಉತ್ತರ ‘ಹೌದು’. ಬರೆಯಲು ಎಷ್ಟು ಹೊತ್ತು ಬೇಕು? ಯಂತ್ರ ಪಕ್ಕದಲ್ಲೇ ಇತ್ತು.

ಮಾನ್ಯ ರೆಕ್ಟರ್ ಅವರೇ, ಈಗ ಹೇಳುವುದು ನಿಯಮಕ್ಕೆ ವಿರುದ್ಧವಾದದ್ದು. ಇದಕ್ಕಾಗಿ ನನ್ನ ಪಿಂಚಣಿ ನಿಲ್ಲಿಸಲು ಬರುವುದಿಲ್ಲವೆಂದು ನೌಕರರ ಸಂಘದಲ್ಲಿ ಕೇಳಿಕೊಂಡೇ ಬಂದಿದ್ದೇನೆ. ಆ ಫ್ಯಾಕ್ಸನ್ನು ಮಡಚಿ ನನ್ನ ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಹೋದೆ.

ಮಾರನೆಯ ದಿನ ಕೆರೆಯ ದಂಡೆಯಲ್ಲಿ ಹಬ್ಬ. ಹೂ ಸುತ್ತಿದ ಕಂಬ, ಹೊಸ ಆಲೂಗಡ್ಡೆ, ಉಪ್ಪುಹುಳಿಯಲ್ಲಿ ನೆನೆಸಿದ ಮೀನು. ಅವನು ಬಂದಿದ್ದ. ಕ್ಷಮಿಸಿ, ಅವರು ಬಂದಿದ್ದರು. ಕುಣಿಯಲು ಬರುವುದಿಲ್ಲ ಎನ್ನುತ್ತಲೇ ನಾಲ್ಕು ಸುತ್ತು ಕುಣಿದೆವು. ಆಮೇಲೆ ದೋಣಿಕಟ್ಟೆಯ ಮೇಲೆ ಕೂತೆವು. ಕೈಚೀಲ ನನ್ನ ತೊಡೆಯ ಮೇಲಿತ್ತು.

“ಏನಾದ್ರೂ ಬಂತಾ?” ಎಂದು ಕೇಳಿದ.

“ಹಬ್ಬ ಅಲ್ವಾ,” ಎಂದೆ. ಅದು ಸುಳ್ಳಲ್ಲ. ಉತ್ತರವೂ ಅಲ್ಲ.

“ಕಾಗದ ಕಾರ್ಖಾನೆಯವರು ಲ್ಯಾಬಲ್ಲಿ ಕೆಲಸ ಕೊಡ್ತೀವಿ ಅಂದಿದಾರೆ,” ಎಂದ. ನೀರನ್ನೇ ನೋಡುತ್ತಿದ್ದ. “ಅಲ್ಲಿಂದ ಆಗಲ್ಲ ಅಂತ ಬಂದ್ರೆ ಇಲ್ಲೇ ಇದ್ಬಿಡ್ತೀನಿ. ಏನಂತೀಯ ಗುನ್‌ವೋರ್? ಇರ್ಲಾ?”

‘ಇರು’ ಎನ್ನಬಹುದಿತ್ತು. ಅದಕ್ಕೂ ಒಂದೇ ಪದ ಸಾಕಿತ್ತು. ಆದರೆ ಅವನು ‘ಆಗಲ್ಲ ಅಂತ ಬಂದ್ರೆ’ ಎಂದಿದ್ದ. ಬರದ ‘ಇಲ್ಲ’ವನ್ನು ನಾನು ತರಿಸಿಕೊಡಲೇ? ಹದಿಮೂರು ವರ್ಷ ಗರಗಸದ ಮುಂದೆ ನಿಂತವನ ಮುಂದೆ ನನ್ನ ಕೈಚೀಲದ ಗುಂಡಿ ಹಾಕಿ ಕೂರಲೇ?

“ಬರುತ್ತೆ, ನೋಡ್ತಿರು,” ಎಂದೆ.

“ನೀನು ಹೇಳಿದ್ಮೇಲೆ ಸರಿ,” ಎಂದ.

ಶನಿವಾರ ಕೂತೆ. ಭಾನುವಾರ ಕೂತೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಕಚೇರಿಯ ಬೀಗ ತೆಗೆದು, ‘ಹೌದು, ಖಂಡಿತವಾಗಿ’ ಎಂದು ಬರೆದು, ಮುದ್ರೆ ಒತ್ತಿ ಕಳಿಸಿದೆ. ‘ಖಂಡಿತವಾಗಿ’ ಎಂಬುದು ಪ್ರಾಯಶ್ಚಿತ್ತಕ್ಕೆ.

ಆಗಸ್ಟಿನಲ್ಲಿ ಅವನನ್ನು ಕಳಿಸಿಕೊಡಲು ರೈಲು ನಿಲ್ದಾಣಕ್ಕೆ ಹೋಗಿದ್ದೆ. ಅವನು ರೈಲಿನ ಮೆಟ್ಟಿಲ ಮೇಲೆ ನಿಂತು, “ಏನಾದ್ರೂ ಹೇಳೋದಿದೆಯಾ?” ಎಂದ. ನಾನು ಏನು ಹೇಳಿದೆ ಗೊತ್ತೇ? “ಅಂಕಪಟ್ಟಿಯ ಮೂಲಪ್ರತಿ ಜೇಬಲ್ಲೇ ಇಟ್ಕೋ, ಪೆಟ್ಟಿಗೆಗೆ ಹಾಕ್ಬೇಡ,” ಎಂದೆ. ನಗಬೇಡಿ. ಆ ಸಲಹೆಯನ್ನು ಇಂದಿನ ವಿದ್ಯಾರ್ಥಿಗಳಿಗೂ ಕೊಡುತ್ತೇನೆ.

ಏಳು ವರ್ಷದ ಮೇಲೆ ಆ ವಿಶ್ವವಿದ್ಯಾಲಯದಿಂದ ನನ್ನ ಕಚೇರಿಗೆ ಒಂದು ಪತ್ರ ಬಂತು. ಒಬ್ಬ ಸ್ವೀಡನ್ ವಿದ್ಯಾರ್ಥಿಯ ದರ್ಜೆಯ ಬಗ್ಗೆ ವಿವರಣೆ ಕೋರಿ. ಕೆಳಗೆ ಸಹಿ: ಪ್ರವೇಶ ಸಮಿತಿಯ ಪರವಾಗಿ, ಇ. ಹೆಡ್‌ಮಾನ್. ಆ ವಿವರಣೆ ಅವನಿಗೆ ಗೊತ್ತಿರಲಿಲ್ಲವೇ? ಜಗತ್ತಿನಲ್ಲಿ ನನ್ನನ್ನು ಬಿಟ್ಟರೆ ಅದು ಚೆನ್ನಾಗಿ ಗೊತ್ತಿದ್ದದ್ದು ಅವನೊಬ್ಬನಿಗೇ! ಸಹಿಯ ಕೆಳಗೆ ಸಣ್ಣದಾಗಿ, ‘ಇಲ್ಲಿ ನದಿಯ ಮಂಜುಗಡ್ಡೆ ಏಪ್ರಿಲ್ ಇಪ್ಪತ್ತೇಳಕ್ಕೆ ಒಡೆಯಿತು’ ಎಂದಿತ್ತು. ನಾನು ಆರು ಪುಟ ಉತ್ತರ ಬರೆದು, ಕೆಳಗೆ ‘ಇಲ್ಲಿ ಮೇ ಒಂಬತ್ತಕ್ಕೆ’ ಎಂದು ಸೇರಿಸಿದೆ.

ಹೀಗೆ ಹದಿನೆಂಟು ವರ್ಷ. ವರ್ಷಕ್ಕೊಂದು ವಿಚಾರಣೆ, ವರ್ಷಕ್ಕೊಂದು ಉತ್ತರ. ಒಂದು ವರ್ಷ ಮಂಜುಗಡ್ಡೆಯ ಸಾಲಿನ ಮುಂದೆ ‘ಮಗಳು ಹುಟ್ಟಿದಳು’ ಎಂದಿತ್ತು. ‘ಅಭಿನಂದನೆಗಳು’ ಎಂದು ಬರೆದೆ. ಆ ವರ್ಷದ ವಿವರಣೆ ನಾಲ್ಕೇ ಪುಟವಾಯಿತು.

ಎರಡು ಸಾವಿರದ ಇಪ್ಪತ್ತರಲ್ಲಿ ಬೇರೆ ಹೆಸರಿನ ಸಹಿ ಬಂತು. ಕೊನೆಯಲ್ಲಿ ‘ಪ್ರೊಫೆಸರ್ ಹೆಡ್‌ಮಾನ್ ಈಗ ನಮ್ಮೊಂದಿಗಿಲ್ಲ’ ಎಂದಿತ್ತು. ಆ ಮಾತಿಗೆ ಎರಡು ಅರ್ಥ. ಒಂದು ಪದಕ್ಕೆ ಏನರ್ಥವೆಂದು ಪರದೇಶದವರಿಗೆಲ್ಲ ವಿವರಿಸಿದ ನಾನು, ಈ ಮಾತಿಗೆ ಏನರ್ಥವೆಂದು ಕೇಳಲಿಲ್ಲ. ಮೂರು ವರ್ಷ ಕೇಳಲಿಲ್ಲ. ಕೇಳದಿದ್ದರೆ ಒಂದು ಅರ್ಥವಾದರೂ ಉಳಿದಿರುತ್ತದಲ್ಲವೇ?

ಕಳೆದ ವಾರ ಮೇಜು ಖಾಲಿ ಮಾಡುವಾಗ ಧೈರ್ಯ ಮಾಡಿ ಕೇಳಿದೆ. ನಿನ್ನೆ ಉತ್ತರ ಬಂತು. ಅವನು ಬದುಕಿದ್ದಾನೆ. ಕೆಲಸ ಬಿಟ್ಟು ಊರಿಗೆ ಮರಳಿದ್ದಾನೆ. ಸ್ವೀಡನ್ನಿಗೆ. ಇಲ್ಲಿಂದ ರೈಲಿನಲ್ಲಿ ಎರಡು ಗಂಟೆಯ ಊರು. ವಿಳಾಸವನ್ನೂ ಕಳಿಸಿದ್ದಾರೆ.

ಮೂರು ವರ್ಷದಿಂದ ಎರಡು ಗಂಟೆ ದೂರದಲ್ಲಿದ್ದಾನೆ. ಬರೆಯಲಿಲ್ಲ. ಹೇಗೆ ಬರೆದಾನು? ವಿಚಾರಿಸಲು ಯಾರ ಅಂಕಪಟ್ಟಿಯೂ ಅವನ ಬಳಿ ಉಳಿದಿರಲಿಲ್ಲ.

ಇಂದು ಬೆಳಿಗ್ಗೆ ನಾನೇ ಬರೆಯಲು ಕೂತೆ. ಎಡಗಡೆ ದಿನಾಂಕ ಹಾಕಿದೆ. ‘ಪ್ರಿಯ ಎಲೋಫ್’ ಎಂದು ಬರೆದೆ. ಅದರ ಕೆಳಗೆ ರೂಢಿಯಂತೆ ‘ವಿಷಯ’ ಎಂದು ಬರೆದು ಎರಡು ಚುಕ್ಕಿ ಇಟ್ಟೆ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅದರ ಮುಂದೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಇಲ್ಲಿಗೆ ಹೊರಡುವ ಹೊತ್ತಾಗಿತ್ತು, ಎದ್ದು ಬಂದೆ.

ಬೆರ್ತಿಲ್ ಕೈಗಡಿಯಾರ ತೋರಿಸುತ್ತಿದ್ದಾರೆ. ಐದು ನಿಮಿಷ ಎಂದೋ ಆಯಿತು. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ಇಷ್ಟು ವರ್ಷ ಸಹಿಸಿಕೊಂಡ ಈ ಸಂಸ್ಥೆಗೂ ಮನಸಾರೆ ವಂದಿಸುತ್ತೇನೆ. ದಯವಿಟ್ಟು ಕೇಕು ತಿನ್ನಿ. ನನ್ನ ಪಾಲು ಬೆರ್ತಿಲ್‌ಗೆ ಕೊಡಿ. ನಾನು ಬೇಗ ಮನೆಗೆ ಹೋಗಬೇಕು, ಒಂದು ಕಾಗದ ಅರ್ಧಕ್ಕೆ ನಿಂತಿದೆ.

ಎಲ್ಲರಿಗೂ ನಮಸ್ಕಾರ.