ಅರವತ್ತಮೂರು ಮಿಲಿಮೀಟರ್ ಬಾಗು

ಹೇಳಿಕೆ ಕೊಡುವವರು: ಐಲ್ಸಾ ರಟ್ಲೆಜ್, ವಯಸ್ಸು 61 ವರ್ಷ, ಕಸುಬು ಕುರಿ ಸಾಕಣೆ, ಕೋವಿ ಪರವಾನಗಿ ಉಂಟು. ವಾಸ: ಟಾರ್ನ್‌ಬರ್ನ್‌ನಿಂದ 9 ಕಿ.ಮೀ. ದೂರದ ಮೇಲಿನ ಗೇಟಿನ ಮನೆ, ಒಟಾಗೊ, ನ್ಯೂಜಿಲೆಂಡ್.

ನಾನು ಇಂದು ಸೋಮವಾರ ಬೆಳಿಗ್ಗೆ 9-20ಕ್ಕೆ ನನ್ನ ಗಂಡ ಡೆಸ್ಮಂಡ್ ಅವರೊಂದಿಗೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಬೇಟೆ ಕೋವಿಯ ಮರದ ಹಿಡಿಯನ್ನು ನನ್ನ ಮೈದುನನ ಮಗ ಕೈರನ್ ರಟ್ಲೆಜ್, ವಯಸ್ಸು 29, ನನ್ನನ್ನು ಒಂದು ಮಾತೂ ಕೇಳದೆ ನಾಶ ಮಾಡಿದ್ದಾನೆ.

ಆ ಮರ ಎಂಥದ್ದು ಎಂಬುದನ್ನು ಮೊದಲು ಬರೆದುಕೊಳ್ಳಬೇಕು. 1998ರ ಮೇ ತಿಂಗಳಲ್ಲಿ ಬೇಲಿ ಬಿಗಿಯುವಾಗ ತಂತಿ ತುಂಡಾಗಿ ಹೊಡೆದು ನನ್ನ ಬಲಗಣ್ಣು ಹೋಯಿತು. ಈಗ ಅಲ್ಲಿರುವುದು ಗಾಜಿನ ಕಣ್ಣು. ಎಡಗಣ್ಣಿನಿಂದ ಗುರಿ ಹಿಡಿಯಲು ಕೋವಿಯನ್ನು ಎಡ ಭುಜಕ್ಕೆ ಕೊಡಬೇಕು. ಆ ಭುಜದ ಮೂಳೆಯಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕುದುರೆಯಿಂದ ಬಿದ್ದಾಗ ಹಾಕಿಸಿದ ಉಕ್ಕಿನ ಪಟ್ಟಿ ಇದೆ. ಒಂದು ಗುಂಡು ಹಾರಿಸಿದರೆ ಎರಡು ದಿನ ಕೈ ಎತ್ತಲಾಗುವುದಿಲ್ಲ. ಐಲ್ಸಾಳ ಬೇಟೆ ಅಲ್ಲಿಗೆ ಮುಗಿಯಿತು ಎಂದು ಊರು ತೀರ್ಮಾನ ಮಾಡಿತ್ತು. ನನ್ನ ಗಂಡ ಮಾಡಲಿಲ್ಲ. ಅವರು ನನ್ನನ್ನು ಅಡುಗೆಮನೆಯ ಮೇಜಿನ ಬಳಿ ಕೂರಿಸಿ, ಎರಡು ಕಣ್ಣುಗಳ ನಡುವಿನ ಅಂತರವನ್ನು ಬಡಗಿಯ ಅಳತೆಪಟ್ಟಿಯಲ್ಲಿ ಅಳೆದರು. 63 ಮಿಲಿಮೀಟರ್ ಬಂತು. ತಮ್ಮ ಅಜ್ಜ ನೆಟ್ಟಿದ್ದ ಅಕ್ರೋಟು ಮರ ಗಾಳಿಗೆ ಬಿದ್ದಾಗ ಕೊಯ್ಸಿಟ್ಟ ಹಲಗೆಯಲ್ಲಿ, ಆ ಚಳಿಗಾಲವೆಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ ಕೂತು ಹಿಡಿ ಕೆತ್ತಿದರು. ಹಿಡಿಯ ಕೊರಳು, ಅಂದರೆ ಭುಜಕ್ಕೂ ನಳಿಗೆಗೂ ನಡುವಿನ ಭಾಗ, 63 ಮಿಲಿಮೀಟರ್ ಎಡಕ್ಕೆ ಬಾಗಿದೆ. ಕೋವಿಯನ್ನು ಬಲ ಭುಜಕ್ಕೆ ಕೊಟ್ಟರೆ ನಳಿಗೆಯೂ ದುರ್ಬೀನೂ ಎಡಗಣ್ಣಿನ ಮುಂದೆ ಬಂದು ನಿಲ್ಲುತ್ತವೆ. ಇಪ್ಪತ್ತಾರು ಬೇಟೆ ಕಾಲ ನಾನು ಅದರಲ್ಲೇ ಹೊಡೆದಿದ್ದೇನೆ. ಅದನ್ನು ಸೊಟ್ಟ ಕೋವಿ ಎಂದು ನಕ್ಕವರ ಮನೆಗೂ ಅದೇ ಕೋವಿಯ ಮಾಂಸ ಹೋಗಿದೆ. ಮೂರು ವರ್ಷದಿಂದ ನನ್ನ ಗಂಡನ ಕೈ ನಡುಗುತ್ತದೆ. ಈಗ ಅವರು ಉಳಿ ಹಿಡಿಯುವಂತಿಲ್ಲ.

22-02-2025ರ ಶನಿವಾರ ಬೆಳಿಗ್ಗೆ 10-15ಕ್ಕೆ ಕೈರನ್ ನಮ್ಮ ಮನೆಗೆ ಬಂದನು. ದುರ್ಬೀನಿನ ತಿರುಪು ಸಡಿಲವಾಗಿತ್ತು. ತಾನು ಸರಿಮಾಡಿಕೊಡುವುದಾಗಿ ಹೇಳಿದನು. ಅವನಿಗೂ ಪರವಾನಗಿ ಇದೆ, ಮೂರು ಕೋವಿ ಇವೆ. ಮೂರನ್ನೂ ಮರದಿಂದ ಬಿಚ್ಚಿ ಚಾಸಿಗೆ ಹಾಕಿಸಿದ್ದಾನೆ. ಚಾಸಿ ಎಂದರೆ ಲಾರಿಯದಲ್ಲ, ನಳಿಗೆ ಕೂರಿಸುವ ಅಲ್ಯೂಮಿನಿಯಂ ಚೌಕಟ್ಟು. ಅವನು ಅಂದು ಹೇಳಿದ ಮಾತನ್ನು ಇದ್ದಂತೆಯೇ ಬರೆಸುತ್ತಿದ್ದೇನೆ. “ದೊಡ್ಡಮ್ಮ, ಮರ ಮಳೆಗೆ ಉಬ್ಬತ್ತೆ, ಬಿಸಿಲಿಗೆ ಕುಗ್ಗತ್ತೆ. ಇವತ್ತು ಹೊಡೆದ ಜಾಗಕ್ಕೆ ನಾಳೆ ಗುಂಡು ಬೀಳಲ್ಲ. ಚಾಸಿ ಆದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ” ಎಂದನು. ಈ ಮಾತು ಸುಳ್ಳಲ್ಲ. 2011ರಲ್ಲಿ ಮೂರು ದಿನದ ಮಳೆಯ ನಂತರ ನನ್ನ ಗುಂಡು ಒಂದು ಗೇಣು ಎಡಕ್ಕೆ ಹೋಗಿತ್ತು. ನಾನು ಅವನಿಗೆ, “ಅದು ಉಬ್ಬಿದ್ರೆ ನಂಗೆ ಗೊತ್ತಾಗತ್ತೆ ಕಣೋ, ಅದು ನನ್ನ ಮಾತು ಕೇಳತ್ತೆ. ನೀನು ತಿರುಪು ಬಿಗಿದು ತಂದ್ಕೊಡು, ಮಿಕ್ಕಿದ್ದು ನಿನಗೆ ಬೇಡ” ಎಂದು ಹೇಳಿದೆನು. ಬೇಡ ಎಂಬ ಪದವನ್ನು ಬಳಸಿದ್ದೇನೆ. ಅದಕ್ಕೆ ನನ್ನ ಗಂಡ ಸಾಕ್ಷಿ. ಅವನು ಕೋವಿಯನ್ನು ತನ್ನ ಮನೆಗೆ ಒಯ್ದನು.

08-03-2025ರ ಶನಿವಾರ ನನ್ನ ಹುಟ್ಟುಹಬ್ಬ. ಕೈರನ್ ಮಧ್ಯಾಹ್ನ 2-00 ಗಂಟೆಗೇ ಬಂದು ನಮ್ಮ ಅಂಗಳದಲ್ಲಿ ಕಟ್ಟಿಗೆಯ ಹೊಗೆಯಲ್ಲಿ ಮಾಂಸ ಬೇಯಿಸುವ ತನ್ನ ಹೊಗೆಪೆಟ್ಟಿಗೆ ಇಳಿಸಿ ಜಿಂಕೆಯ ತೊಡೆಯನ್ನು ಹೊಗೆಗಿಟ್ಟನು. ಊಟದ ಮೇಜಿನಿಂದ ಹೊಗೆಪೆಟ್ಟಿಗೆಗೆ 11 ಮೀಟರ್. ಸಂಜೆ 5-00ಕ್ಕೆ ಹದಿನಾಲ್ಕು ಮಂದಿ ಊಟಕ್ಕೆ ಕೂತೆವು. ಮಾಂಸ ಬಹಳ ಚೆನ್ನಾಗಿತ್ತು. ಇದನ್ನೂ ಬರೆದುಕೊಳ್ಳಿ. ಯಾವ ಕಟ್ಟಿಗೆಯೋ ಇದು ಎಂದು ನಾನೇ ಕೇಳಿದೆ. “ಅಕ್ರೋಟು, ದೊಡ್ಡಮ್ಮ. ಹಳೇದು, ಚೆನ್ನಾಗಿ ಒಣಗಿತ್ತು” ಎಂದನು. ಇನ್ನೂ ಇದ್ದರೆ ನನಗೂ ಎತ್ತಿಡು ಎಂದು ನಾನು ಹೇಳಿದೆ. ಅವನು ನಕ್ಕನು. ನಾನು ಎರಡನೆಯ ಸಲ ಬಡಿಸಿಕೊಂಡೆ.

5-25ಕ್ಕೆ ನನ್ನ ಗಂಡ ಫೋರ್ಕು ಕೆಳಗಿಟ್ಟರು. ತಟ್ಟೆಯಲ್ಲಿ ಮಾಂಸವೂ ಗೆಣಸೂ ಹಾಗೆಯೇ ಇದ್ದವು. ಹುಡುಗ ಕಷ್ಟಪಟ್ಟು ಮಾಡಿದ್ದಾನೆ, ಎಲ್ಲರೆದುರು ಮುಖ ಗಂಟಿಕ್ಕಬೇಡಿ ಎಂದು ನಾನು ಅವರನ್ನು ಗದರಿದೆ. ಹೊಟ್ಟೆ ತುಂಬಿತು ಎಂದರು.

5-40ಕ್ಕೆ ಕೈರನ್ ಉದ್ದನೆಯ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟನು. ಒಳಗೆ ನನ್ನ ಕೋವಿ ಇತ್ತು. ನಳಿಗೆ ನನ್ನದು, ನಂಬರು ನನ್ನದು, ಸುತ್ತ ಕಪ್ಪು ಚಾಸಿ. ಮೊದಲು ಬೋಲ್ಟ್ ಎಳೆದು ಒಳಗೆ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಬೋಲ್ಟನ್ನು ಜೇಬಿಗೆ ಹಾಕಿಕೊಂಡೆ. ಎಲ್ಲರೂ ಎತ್ತಿ ನೋಡು ಎಂದರು. ಜನರಿಲ್ಲದ ಬೆಟ್ಟದ ಕಡೆ ತಿರುಗಿಸಿ ಬಲ ಭುಜಕ್ಕೆ ಕೊಟ್ಟೆ. ಕೆನ್ನೆಗೆ ತಗಡು ತಣ್ಣಗೆ ತಾಗಿತು. ದುರ್ಬೀನು ಗಾಜಿನ ಕಣ್ಣಿನ ಮುಂದೆ ಇತ್ತು. ನನಗೆ ಏನೂ ಕಾಣಲಿಲ್ಲ. ಹದಿಮೂರು ಮಂದಿ ಇದ್ದರು, ನನ್ನ ಗಂಡನೊಬ್ಬರನ್ನು ಬಿಟ್ಟು ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾಣುತ್ತಿಲ್ಲ ಎಂದು ನಾನು ಹೇಳಿದೆ. “ಅದಕ್ಕೇ ಚಾಸಿ ಹಾಕಿಸಿದ್ದು! ಇದ್ರಲ್ಲಿ ಎಲ್ಲಾನೂ ತಿರುಗತ್ತೆ” ಎಂದು ಅವನು ಒಂದೊಂದೇ ತಿರುಪು ತಿರುಗಿಸಿದನು. ಕೆನ್ನೆ ಹಲಗೆ ಮೇಲೆ ಹೋಯಿತು, ಕೆಳಗೆ ಬಂತು. ಹಿಂತುದಿ ಉದ್ದವಾಯಿತು, ಗಿಡ್ಡವಾಯಿತು. ಇದು ಏಳು ನಿಮಿಷ ನಡೆಯಿತು. ದುರ್ಬೀನನ್ನು ಎಡಗಣ್ಣಿಗೆ ತರುವ ತಿರುಪು ಆ ಚಾಸಿಯಲ್ಲಿ ಇರಲಿಲ್ಲ. ಹಾಗಾದರೆ ಎಡ ಭುಜಕ್ಕೆ ಕೊಡಿ ಎಂದನು. ನನ್ನ ಭುಜದ ಪಟ್ಟಿಯ ವಿಷಯ ಅವನಿಗೆ ಗೊತ್ತಿಲ್ಲ, ಏಕೆಂದರೆ ಅವನು ಯಾವತ್ತೂ ಕೇಳಿಲ್ಲ. ನಾನು ಆಗುವುದಿಲ್ಲ ಎಂದಾಗ, “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ” ಎಂದು ತಮಾಷೆ ಮಾಡಿದನು. ನಾಲ್ಕೈದು ಮಂದಿ ನಕ್ಕರು. ಅವರ ಹೆಸರು ನನಗೆ ಗೊತ್ತಿದೆ, ಕೇಳಿದರೆ ಕೊಡುತ್ತೇನೆ.

5-52ಕ್ಕೆ ನನ್ನ ಮರ ಎಲ್ಲಿ ಎಂದು ಕೇಳಿದೆ. “ಯಾವ್ದು, ಆ ಸೊಟ್ಟದ್ದಾ? ಬಿರುಕು ಬಿಟ್ಟಿತ್ತು ದೊಡ್ಡಮ್ಮ, ಇನ್ಯಾರ ಭುಜಕ್ಕೂ ಕೂರಲ್ಲ. ಸುಮ್ನೆ ಬಿಸಾಡೋದ್ಯಾಕೆ ಅಂತ ನಾಲ್ಕು ತುಂಡು ಮಾಡ್ದೆ. ಅಲ್ಲಿದೆ ನೋಡಿ” ಎಂದು ಇಕ್ಕಳದಲ್ಲಿ ಹೊಗೆಪೆಟ್ಟಿಗೆ ತೋರಿಸಿದನು. “ಇಷ್ಟು ಹೊತ್ತೂ ಹೊಗಳ್ತಾ ಇದ್ರಲ್ಲ!”

ಆಮೇಲೆ ನಾನು ಕೋವಿಯನ್ನು ಮೇಜಿನ ಮೇಲಿಟ್ಟು, 11 ಮೀಟರ್ ಓಡಿ, ಹೊಗೆಪೆಟ್ಟಿಗೆಯ ಬಾಗಿಲು ತೆಗೆದು ಎರಡೂ ಕೈ ಒಳಗೆ ಹಾಕಿದೆ. ಮೂರು ತುಂಡು ಬೂದಿಯಾಗಿದ್ದವು. ನಾಲ್ಕನೆಯದು ಸಿಕ್ಕಿತು. ಉದ್ದ 19 ಸೆಂಟಿಮೀಟರ್, ಒಂದು ಪಕ್ಕ ಕರಿಕಲು. ಅದು ಹಿಡಿಯ ಕೊರಳು. ನನ್ನ ಎರಡು ಅಂಗೈಗಳೂ ಸುಟ್ಟವು. ತುಂಡನ್ನು ಕುರಿಗಳ ನೀರಿನ ತೊಟ್ಟಿಯಲ್ಲಿ ಅದ್ದಿದೆ. ನನ್ನ ಗಂಡ ಅಲ್ಲೇ ಕೂರಿಸಿ ಕೈಗೆ ಒದ್ದೆ ಬಟ್ಟೆ ಸುತ್ತಿದರು. ಬಟ್ಟೆ ನಾಲ್ಕು ಸಲ ಜಾರಿತು. ಐದನೆಯ ಸಲ ನಿಂತಿತು.

ಪಾವ್ಲೋವಾ ಸಿಹಿಯನ್ನು ನಾನು ಕೈರನ್ ಮೇಲೆ ಎಸೆದೆ ಎಂದು ಅವನು ದೂರಿದ್ದಾನಂತೆ. ಎಸೆಯಲು ನನಗೆ ಕೈ ಇರಲಿಲ್ಲ. ಮೊಣಕೈಯಿಂದ ತಳ್ಳಿದೆ. ತಟ್ಟೆಯೂ ಜೊತೆಗೆ ಹೋಯಿತು. ಅವನು, “ಒಳ್ಳೇದು ಮಾಡೋಕೆ ಹೋದ್ರೆ ಹಿಂಗೆ ನೋಡಿ. ಹೋಗಿದ್ದು ಒಂದು ಕಟ್ಟಿಗೆ ತಾನೆ!” ಎಂದು ಅತಿಥಿಗಳಿಗೆ ಹೇಳುತ್ತಿದ್ದನು. ಒಳ್ಳೆಯದು ಯಾರಿಗೆ ಎಂದು ನಾನು ಕೇಳಿದೆ.

6-10ಕ್ಕೆ ಠಾಣೆಗೆ ಫೋನ್ ಮಾಡಿಸಿದೆ. ಕಾನ್ಸ್‌ಟೆಬಲ್ ಲೆಮಾಲು ಅವರು, ನಂಬರು ಇರುವುದು ಲೋಹದ ಭಾಗದ ಮೇಲೆ, ಕಾನೂನಿನ ಲೆಕ್ಕಕ್ಕೆ ಅದೇ ಕೋವಿ, ಅದು ನಿಮ್ಮ ಬಳಿಯೇ ಇರುವುದರಿಂದ ಕೋವಿ ಕಳುವಾಗಿದೆ ಎಂದು ಬರೆಯಲಾಗುವುದಿಲ್ಲ ಎಂದರು. “ಹಾಗಾದ್ರೆ ಆ ಕೋವೀಲಿ ನೀವೇ ಒಂದು ಜಿಂಕೆ ಹೊಡೆದು ತೋರ್ಸಮ್ಮ, ಬಲಗಣ್ಣಲ್ಲಿ, ಆ ಕಣ್ಣು ಮುಚ್ಕೊಂಡು” ಎಂದು ನಾನು ಹೇಳಿದ್ದು ನಿಜ. ಆ ಮಾತಿಗೆ ಅವರಲ್ಲಿ ಕ್ಷಮೆ ಕೇಳುತ್ತೇನೆ. ಕೋಪ ಅವರ ಮೇಲಲ್ಲ. ನಷ್ಟದ ದೂರು ಕೊಡಬಹುದು, ಸೋಮವಾರ ಬನ್ನಿ ಎಂದರು. ಬಂದಿದ್ದೇನೆ.

ಇಂದು ಬೆಳಿಗ್ಗೆ ಇಲ್ಲಿಗೆ ಬರುವಾಗ, 8-50ರ ಸುಮಾರಿಗೆ, ಸೇತುವೆಯ ಹತ್ತಿರ ನನ್ನ ಗಂಡ ಕಾರಿನಲ್ಲಿ ಹೀಗೆ ಹೇಳಿದರು. “ಅವತ್ತು ಹೊಗೇಲಿ ಅಗಸೆ ಎಣ್ಣೆ ವಾಸನೆ ಬಂತು ಐಲ್ಸಾ. ಆ ಹಿಡಿಗೆ ಚಳಿಗಾಲ ಪೂರ್ತಿ ಹಚ್ಚಿದ ಎಣ್ಣೆ, ನನ್ನ ಮೂಗಿಗೆ ಗೊತ್ತಾಗದೆ ಇರತ್ತಾ? ನೀನು ಅಷ್ಟು ಖುಷಿಯಾಗಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ.” ಬೆರಳ ತುದಿಯಲ್ಲೇ ಓಡಿಸುತ್ತಿದ್ದ ಕಾರನ್ನು ನಾನು ನಿಲ್ಲಿಸಿದೆ. ಅವರ ಮೇಲೂ ಕೂಗಾಡಿದೆ. ಹನ್ನೆರಡು ನಿಮಿಷ ನಿಂತಿದ್ದೆವು. 5-25ಕ್ಕೆ ಬಾಯಿ ಬಿಟ್ಟಿದ್ದರೆ ಇನ್ನೊಂದು ತುಂಡು ಉಳಿಯುತ್ತಿತ್ತು.

ಗಂಡು ಜಿಂಕೆಗಳು ಕೂಗುವ ಕಾಲಕ್ಕೆ ಇನ್ನು ಮೂರು ವಾರ ಇದೆ. ಈ ವರ್ಷ ನನಗೆ ಬೇಟೆ ಇಲ್ಲ. ಮುಂದಿನ ವರ್ಷವೂ ಇಲ್ಲದಂತೆ ಮಾಡಬೇಡಿ. ಸುಟ್ಟ ತುಂಡನ್ನು ಸಾಕ್ಷಿಯೆಂದು ಠಾಣೆಯಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತಿದ್ದಾರೆ. ನಾನು ಕೊಡುವುದಿಲ್ಲ. ಫೋಟೊ ತೆಗೆದುಕೊಂಡು ಈಗಲೇ ವಾಪಸ್ ಕೊಡಬೇಕು. 63 ಎಂಬುದು ಎಷ್ಟು ಬಾಗಬೇಕು ಎನ್ನುವ ಅಳತೆ. ಹೇಗೆ ಬಾಗಬೇಕು, ಎಲ್ಲಿ ಶುರುವಾಗಿ ಎಲ್ಲಿ ನೆಟ್ಟಗಾಗಬೇಕು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಅದು ನನ್ನ ಗಂಡನ ಕೈಗೆ ಗೊತ್ತಿತ್ತು, ಈಗ ಈ ತುಂಡಿನಲ್ಲಿ ಮಾತ್ರ ಇದೆ. ಅದೇ ಮರದ ಇನ್ನೊಂದು ಹಲಗೆ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ.

ಕೈರನ್‌ನನ್ನು ಬಿಟ್ಟುಬಿಡು ಎಂದು ನನ್ನ ಗಂಡ ಹೇಳುತ್ತಾರೆ. ನಾನು ಬಿಡುವುದಿಲ್ಲ. ಅವನ ಕ್ಷಮಾಪಣೆ ನನಗೆ ಬೇಡ, ಚಾಸಿಯನ್ನು ಅವನೇ ತೆಗೆದುಕೊಂಡು ಹೋಗಲಿ. ಪ್ರತಿ ಶನಿವಾರ ಬೆಳಿಗ್ಗೆ 8-00ಕ್ಕೆ ಅವನು ನಮ್ಮ ಕೊಟ್ಟಿಗೆಗೆ ಬಂದು, ನನ್ನ ಗಂಡ ಹೇಳಿದಂತೆ, ಈ ತುಂಡನ್ನು ಮುಂದಿಟ್ಟುಕೊಂಡು, ಹಿಡಿ ಮುಗಿಯುವವರೆಗೆ ಕೆತ್ತಬೇಕು ಎಂದು ಅವನಿಂದ ಬರೆಸಿಕೊಳ್ಳಿ. ಅವನ ಕೈ ನಡುಗುವುದಿಲ್ಲ. ನನಗೆ ಆ ಎರಡು ಕೈ ಬೇಕು. ಬರೆದುಕೊಡದಿದ್ದರೆ ಈ ದೂರು ಹೀಗೆಯೇ ಮುಂದೆ ಹೋಗಲಿ.

ಮೇಲೆ ಬರೆದಿರುವುದನ್ನು ಕಾನ್ಸ್‌ಟೆಬಲ್ ಲೆಮಾಲು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಎಲ್ಲವೂ ನಾನು ಹೇಳಿದ್ದೇ, ನಡೆದದ್ದೇ. ಅಂಗೈ ಸುಟ್ಟಿರುವುದರಿಂದ ಪೆನ್ನನ್ನು ಎರಡು ಬೆರಳಲ್ಲಿ ಹಿಡಿದಿದ್ದೇನೆ. ಸಹಿ ಸೊಟ್ಟಗಿದೆ. ನೆಟ್ಟಗೆ ಮಾಡಲು ಯಾರೂ ಹೋಗಬಾರದು, ಅದು ನನ್ನದೇ.

ಸ್ಥಳ: ಟಾರ್ನ್‌ಬರ್ನ್
ದಿನಾಂಕ: 10-03-2025, ಬೆಳಿಗ್ಗೆ 11-05
ಸಹಿ: ಐಲ್ಸಾ ರಟ್ಲೆಜ್