ಜೋಲಿ ಕಟ್ಟಲು ಕೊಂಬೆಯಿಲ್ಲದ ಹೊಲ

ಮಾರಕ್ಕ ಮಗಳ ಬಾಣಂತನಕ್ಕೆ ಹೋಗಿದ್ದ ವಾರದಲ್ಲಿ ಅವಳ ಬದುವಿನ ಹನ್ನೊಂದು ಹೊಂಗೆ ಮರಗಳನ್ನು ಪಕ್ಕದ ಹೊಲದವನು ಕಡಿಸಿದ.

ಯಾರು ಆ ಪಕ್ಕದವನು? ಆ ಊರಿಗೆ ಒಬ್ಬನೇ ಶ್ರೀಮಂತ. ನಲವತ್ತು ಎಕರೆ ಕಡಲೆಕಾಯಿ ಹೊಲ, ಹುಡುಕಿದರೂ ಒಂದು ಮರವಿಲ್ಲ. ನೆರಳೇ ಬೆಳೆಯ ಶತ್ರು ಎಂದು ನಂಬಿದ್ದ ಮಹಾನುಭಾವ. ಮಾರಕ್ಕನದು ಎರಡೇ ಎಕರೆ ರಾಗಿ ಹೊಲ. ಆದರೆ ನೋಡಿ, ಆ ಮರಗಳೇ ಅವಳ ಮೂರನೆಯ ಎಕರೆ. ಸೊಪ್ಪು ಹೊಲಕ್ಕೆ ಗೊಬ್ಬರ, ಉದುರಿದ ಕಾಯಿ ಎಣ್ಣೆ ಗಾಣಕ್ಕೆ, ಒಣಗಿದ ಕೊಂಬೆ ಒಲೆಗೆ. ಮಳೆ ತಪ್ಪಿದ ವರ್ಷ ರಾಗಿ ಅವಳ ಕೈ ಬಿಟ್ಟಿತು, ಮರ ಬಿಡಲಿಲ್ಲ.

ತಿರುಗಿ ಬಂದವಳು ಬೊಡ್ಡೆಗಳನ್ನು ನೋಡಿದಳು. ನೇರ ಅವನ ಜಗಲಿಗೇ ನಡೆದಳು.

“ನನ್ ಮರ ಯಾಕ್ ಕಡಿಸ್ದೆ?”

“ನೆಳ್ಳು ನನ್ ಕಳ್ಳೇಕಾಯ್ ಮ್ಯಾಲೆ ಬೀಳ್ತಿತ್ತಲ್ಲಮ್ಮ.”

“ನೆಳ್ಳು ಬಿದ್ದಿದ್ದು ಎರಡು ಮಾರು. ನೀನ್ ಕಿತ್ಕಂಡಿದ್ದು ನನ್ ಅನ್ನ.”

ಅವನು ನಕ್ಕ. ನಗಲಿ ಬಿಡಿ, ಕಳೆ ತೆಗೆಯುವ ಕಾಲ ಬಂತು.

ಕಳೆ ತೆಗೆಯುವವರು ಯಾರು? ಹೆಂಗಸರು. ಹಸುಗೂಸಿನ ತಾಯಂದಿರು. ಕೂಸನ್ನು ಎಲ್ಲಿ ಮಲಗಿಸುತ್ತಿದ್ದರು? ಬದುವಿನ ಹೊಂಗೆ ಕೊಂಬೆಗೆ ಸೀರೆಯ ಜೋಲಿ ಕಟ್ಟಿ, ಸಾಲು ಮುಗಿದಾಗೊಮ್ಮೆ ಬಂದು ತೂಗುತ್ತಿದ್ದರು. ಮರ ಮಾರಕ್ಕನದು, ಕೂಸು ಕೂಲಿಯವಳದು, ಬೆಳೆ ಉಳಿಯುತ್ತಿದ್ದದ್ದು ಯಾರದು? ಶ್ರೀಮಂತನದು! ಅವನಿಗೆ ಮಾತ್ರ ಇದು ಹೊಳೆದಿರಲಿಲ್ಲ.

ಕೂಲಿಗೆ ಕರೆಯಲು ಕೇರಿಗೆ ಹೋದ.

“ಮಗೀನ್ ಜೋಲಿ ಎಲ್ ಕಟ್ಲಿ ಯಜಮಾನ್ರೇ, ನಿಮ್ ಮೀಸೆಗಾ?” ಅಂದಳು ಒಬ್ಬಳು. ಕೇರಿಯೆಲ್ಲ ನಕ್ಕಿತು. ಯಾರೂ ಹೋಗಲಿಲ್ಲ. ಹದಿನೈದು ದಿನದಲ್ಲಿ ಕಡಲೆಕಾಯಿ ಗಿಡ ಕಾಣದಷ್ಟು ಕಳೆ.

ಈ ಕಥೆ ಕೇಳಲು ಮುಂದಿನ ಸಾಲಿನಲ್ಲಿ ಕುಳಿತ ಹೊಲದ ಒಡೆಯರೇ, ನೀವು ನಗಬೇಡಿ. ನಿಮ್ಮ ಬದುವಿನಲ್ಲಿ ಎಷ್ಟು ಮರ ಉಳಿದಿವೆ? ಟ್ರ್ಯಾಕ್ಟರ್ ತಿರುಗಲು ಅಡ್ಡಿ ಎಂದು ಕಡಿದಿರಲ್ಲ, ಅದರ ಕೆಳಗೆ ಯಾರು ಬದುಕುತ್ತಿದ್ದರು ಎಂದು ಕೇಳಿದಿರಾ? ತಪ್ಪಾಯಿತೆಂದು ಕಥೆ ಹೇಳುವ ನನ್ನ ಕಾಲಿಗೆ ಬೀಳುವುದು ಬೇಡ. ನಾಳೆ ಬೆಳಿಗ್ಗೆ ಹಾರೆ ಹಿಡಿಯಿರಿ. ಬದುವಿನುದ್ದಕ್ಕೂ ಗುಂಡಿ ತೋಡಿ. ಹೊಂಗೆ ನೆಡಿ, ಬೇವು ನೆಡಿ, ಹುಣಸೆ ನೆಡಿ. ಪಕ್ಕದವನ ಮರದ ನೆರಳು ನಿಮ್ಮ ಹೊಲಕ್ಕೆ ಬಿದ್ದರೆ ಬೀಳಲಿ ಬಿಡಿ. ಇನ್ನು ಆಳುಗಳೇ, ಕೂಲಿಯವರೇ, ನಿಮಗೂ ಹೇಳುತ್ತೇನೆ. ಕಡಿ ಎನ್ನುವವನು ಯಾರೇ ಆಗಲಿ, ಕೊಡಲಿ ಇರುವುದು ನಿಮ್ಮ ಕೈಯಲ್ಲಿ.

ಅದಕ್ಕೇ ಕಥೆಯ ಉಳಿದದ್ದನ್ನೂ ಕೇಳಿ. ಕಡಿದರೆ ಸಾಯುವ ಜಾತಿಯೇ ಹೊಂಗೆ? ಹನ್ನೊಂದಕ್ಕೆ ಹನ್ನೊಂದೂ ಬೊಡ್ಡೆ ಚಿಗುರಿದವು. ಶ್ರೀಮಂತನಿಗೆ ಬುದ್ಧಿ ಬಂತೇ? ಇಲ್ಲ, ಸಿಟ್ಟು ಬಂತು. ಮರ ಕಡಿದಿದ್ದ ಆಳನ್ನೇ ಕರೆಸಿ, ಕೈಗೆ ಇಂಗಿನ ಪೊಟ್ಟಣ ಕೊಟ್ಟ.

“ಬೊಡ್ಡೆಗೆ ತೂತು ಕೊರ್ದು ಇದನ್ನ ತುಂಬು. ಬೇರು ಸಮೇತ ಸಾಯ್ಲಿ.”

ಆಳು ಪೊಟ್ಟಣವನ್ನು ಜಗಲಿಯ ಮೇಲಿಟ್ಟ.

“ಕಡ್ದಿದ್ದು ನಾನೇ ಯಜಮಾನ್ರೇ. ಆವತ್ತಿಂದ ನನ್ ಹೆಂಡ್ರು ಕೂಲಿ ಇಲ್ದೆ ಕೂಸ್ ಎತ್ಕಂಡು ಮನೇಲಿ ಕುಂತವ್ಳೆ. ಇನ್ನೊಂದ್ ಕಿತ ನನ್ ಕೈಲಿ ಆಗಾಕಿಲ್ಲ. ಬೇಕಾದ್ರೆ ನೀವೇ ಕೊರೀರಿ.”